ಗಿಟಾರ್ ಹಿಡಿದ ಗಾಯಕ

“ಗಿಟಾರ್ ಹಿಡಿದು ಕೂತರೆ ಹೊಟ್ಟೆಗೇನು ಗತಿ?” ಚೆಂಬೂರಿನ ನಮ್ಮ ಮನೆಗಳಲ್ಲಿ ಈ ಮಾತು ಹೊಸದಲ್ಲ. ಮಗ ಪಿಟೀಲು ಕಲಿತರೆ ಸಂತೋಷ. ಗಿಟಾರ್ ತಂದನೆಂದರೆ ಕಳವಳ. ಕಳವಳಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಆದರೂ ತೀರ್ಪು ಕೊಡುವ ಮುನ್ನ ವಾಚಕರು ಭೂಪಿಂದರ್ ಸಿಂಗರ ಕಥೆಯನ್ನು ಕೇಳಬೇಕು.

ಅಮೃತಸರದಲ್ಲಿ ಹುಟ್ಟಿದ ಭೂಪಿಂದರ್ ದಿಲ್ಲಿಯ ಆಕಾಶವಾಣಿಯಲ್ಲಿ ಗಿಟಾರ್ ನುಡಿಸುತ್ತಿದ್ದರು. ಮದನ ಮೋಹನರು ಅವರ ಕಂಠವನ್ನು ಮೆಚ್ಚಿ ಮುಂಬಯಿಗೆ ಕರೆಸಿಕೊಂಡರು. 1964ರ ‘ಹಕೀಕತ್’ ಚಿತ್ರದಲ್ಲಿ ರಫಿ, ತಲತ್, ಮನ್ನಾ ಡೇ ಈ ಮೂವರೊಡನೆ ಒಂದೇ ಹಾಡಿನಲ್ಲಿ ದನಿಗೂಡಿಸುವ ಭಾಗ್ಯವೂ ಒದಗಿತು.

1966ರ ‘ಆಖರೀ ಖತ್’ ಚಿತ್ರದಲ್ಲೊಂದು ಕ್ಲಬ್ಬಿನ ದೃಶ್ಯವಿದೆ. ಖಯ್ಯಾಮರು ಜಾಸ್ ಧಾಟಿಯಲ್ಲಿ ಕೂಡಿಸಿದ ಹಾಡನ್ನು ಪರದೆಯ ಮೇಲೆ ಭೂಪಿಂದರರೇ ಹಾಡುತ್ತಾರೆ. ಟ್ರಂಪೆಟ್ ಊದುವವರು ಗೋವೆಯ ಚಿಕ್ ಚಾಕಲೇಟ್. ಈ ಜಾಸ್ ಅಮೆರಿಕದ ನ್ಯೂ ಓರ್ಲಿಯನ್ಸಿನಲ್ಲಿ ಆಫ್ರಿಕಾ ಮೂಲದವರು ಬೆಳೆಸಿದ ಸಂಗೀತ. 1930ರ ದಶಕದಲ್ಲಿ ಅಲ್ಲಿನ ವಾದ್ಯಗಾರರು ನಮ್ಮ ತಾಜ್ ಹೋಟೆಲಿಗೇ ಬಂದು ನುಡಿಸಿದರು, ಗೋವೆಯವರು ಅದನ್ನು ಕೈವಶ ಮಾಡಿಕೊಂಡರು. ಹಳೆಯ ಜಾಸಿನಲ್ಲಿ ಟ್ರಂಪೆಟಿನ ಅಬ್ಬರದ ಮುಂದೆ ಗಿಟಾರಿನ ದನಿ ಕೇಳಿಸದು. ಹಿಂದೆ ಕೂತು ಲಯ ಹಿಡಿಯುವುದಷ್ಟೇ ಅವನ ಪಾಲು. ವಿದ್ಯುತ್ ಗಿಟಾರ್ ಬಂದ ಮೇಲೆ ದನಿಯೇನೋ ಮುಂದೆ ಬಂತು. ಹೆಸರು?

‘ಹರೇ ರಾಮ ಹರೇ ಕೃಷ್ಣ’ (1971), ‘ಯಾದೋಂ ಕೀ ಬಾರಾತ್’ (1973) ಚಿತ್ರಗಳ ಆರ್. ಡಿ. ಬರ್ಮನ್ ಹಾಡುಗಳಲ್ಲಿ ಭೂಪಿಂದರರ ಗಿಟಾರ್ ಇದೆ. ಮದುವೆ ಮಂಟಪದಿಂದ ಗಣೇಶೋತ್ಸವದವರೆಗೆ ಆ ಹಾಡುಗಳನ್ನು ಕೇಳದವರಿಲ್ಲ. ನುಡಿಸಿದ ಕೈ ಯಾರದೆಂದು ವಿಚಾರಿಸಿದವರು ಎಷ್ಟು ಮಂದಿ?

ಕಂಠಕ್ಕೆ ಮಾತ್ರ ಕೊನೆಗೂ ನ್ಯಾಯ ದೊರೆಯಿತು. 1977ರ ‘ಘರೌಂದಾ’ ಮುಂಬಯಿಯಲ್ಲಿ ಮನೆ ಹುಡುಕುವ ಜೋಡಿಯ ಕಥೆ. ಜಯದೇವರ ಸಂಗೀತದಲ್ಲಿ, ಈ ಮಹಾನಗರದ ಒಂಟಿ ಮನುಷ್ಯನ ಹಾಡನ್ನು ಭೂಪಿಂದರ್ ಹಾಡಿದ್ದಾರೆ. ದನಿ ಏರಿಸುವುದಿಲ್ಲ, ಅಳುವುದೂ ಇಲ್ಲ. ಹಾಸಿಗೆ ಸುತ್ತಿಕೊಂಡು ಊರಿನಿಂದ ಬಂದು, ಚಾಳಿನ ಒಂದೇ ಕೋಣೆಯಲ್ಲಿ ನಾಲ್ಕಾರು ಜನರ ನಡುವೆ ಮಲಗಿದ ನಮ್ಮ ಹಿರಿಯರಿಗೆ ಅದನ್ನು ಬಿಡಿಸಿ ಹೇಳಬೇಕೆ? ನನ್ನ ಮಟ್ಟಿಗೆ ಅವರ ಹಾಡುಗಳಲ್ಲೆಲ್ಲ ಇದೇ ಮೇಲು.

ಮುಂದೆ ಗಿಟಾರನ್ನು ಅವರು ಘಜಲಿನ ಬೈಠಕ್ಕಿಗೂ ಕರೆತಂದರು. ಮಡದಿ ಮಿತಾಲಿಯವರೊಡನೆ ಬಹುಕಾಲ ಹಾಡಿದರು. 2022ರ ಜುಲೈ 18ರಂದು ಮುಂಬಯಿಯಲ್ಲೇ ತೀರಿಕೊಂಡರು.

ಮಗನ ಗಿಟಾರಿನ ಸದ್ದಿಗೆ ಕೋಣೆಯ ಬಾಗಿಲು ಎಳೆದುಕೊಳ್ಳುವ ತಂದೆಯವರು ಒಂದು ಭಾನುವಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಆಖರೀ ಖತ್’ನ ಆ ದೃಶ್ಯವನ್ನು ನೋಡಲಿ. ಬೈಯುವುದಿದ್ದರೆ ಆಮೇಲೆ ಬೈಯಬಹುದು.