ಗಾಜಿನ ತೊಟ್ಟಿಯ ಗಿಡಗಳು

ಕಳೆದ ತಿಂಗಳು ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಅವರ ಮಗಳು ನಮ್ಮನ್ನು ನೇರವಾಗಿ ಮೀನಿನ ತೊಟ್ಟಿಯ ಬಳಿಗೆ ಕರೆದೊಯ್ದಳು. ಎರಡಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ದಟ್ಟವಾದ ಜಲಸಸ್ಯ, ಎಂಟು ಪುಟ್ಟ ಗಪ್ಪಿ ಮೀನುಗಳು. "ಗುರುಗಳೇ, ಹೊರಗಿಡುವ ಫಿಲ್ಟರ್ ಕೊಳ್ಳದಿದ್ದರೆ ಇವೆಲ್ಲ ಸತ್ತುಹೋಗುತ್ತವೆಯೆಂದು ಅಂಗಡಿಯವರು ಹೇಳಿದರು, ನಿಜವೇ?" ಎಂದು ಕೇಳಿದಳು. ಅದರ ಬೆಲೆ ಹಲವು ಸಾವಿರ. ತಂದೆ ಮೌನವಾಗಿದ್ದರು.

ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಸೂಕ್ಷ್ಮಾಣುಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊರ ಫಿಲ್ಟರೆಂಬುದು ಮುಖ್ಯವಾಗಿ ಈ ಸೂಕ್ಷ್ಮಾಣುಗಳಿಗೆ ಕಟ್ಟಿಕೊಟ್ಟ ಮನೆ. ಅದರ ಮೋಟಾರು ನೀರನ್ನು ಅಲ್ಲಿಗೆ ಹರಿಸುತ್ತದೆ. ಆದರೆ ಅದೇ ಸೂಕ್ಷ್ಮಾಣುಗಳು ತೊಟ್ಟಿಯ ಮರಳಿನಲ್ಲಿಯೂ ಎಲೆಗಳ ಮೇಲೆಯೂ ನೆಲೆಸುತ್ತವೆ. ಬೆಳೆಯುವ ಗಿಡವಂತೂ ಅಮೋನಿಯವನ್ನೇ ಆಹಾರವಾಗಿ ಹೀರಿ, ಹಗಲಿನಲ್ಲಿ ಆಮ್ಲಜನಕವನ್ನು ನೀಡುತ್ತದೆ. 1850ರಲ್ಲಿಯೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ವ್ಯಾಲಿಸ್ನೇರಿಯ ಗಿಡ ಮತ್ತು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು ಈ ಸಮತೋಲವನ್ನು ವಿವರಿಸಿದ್ದನು. ಗಿಡ ಉಸಿರನ್ನಿತ್ತಿತು, ಕೊಳೆತ ಎಲೆಯನ್ನು ಬಸವನಹುಳು ತಿಂದಿತು.

ಹಾಗೆಂದು ಗಿಡವೊಂದಿದ್ದರೆ ಸಾಕೆಂದು ತಿಳಿಯಬಾರದು. ನಮ್ಮ ನಗರದ ಇನ್ನೊಂದು ಅಂಚಿನ ಬೆಳ್ಳಂದೂರು ಕೆರೆಯಲ್ಲಿ ಅಂತರಗಂಗೆ ಎಷ್ಟು ಹಬ್ಬಿದ್ದರೇನು? ಹರಿದುಬಂದ ಕೊಳಚೆ ಮಿತಿಮೀರಿದುದರಿಂದ ಕೆರೆ ನೊರೆಯುಗುಳಿತು. 2015 ಮತ್ತು 2017ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ತೊಟ್ಟಿಗೂ ಇದೇ ಲೆಕ್ಕ. ಮೀನು ಹೆಚ್ಚಿದ್ದರೆ, ಗಾತ್ರ ದೊಡ್ಡದಿದ್ದರೆ, ಬೆಳಕು ಸಾಲದೆ ಗಿಡ ಸೊರಗಿದ್ದರೆ ಫಿಲ್ಟರ್ ಬೇಕೇ ಬೇಕು. ರಾತ್ರಿ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆಂಬುದನ್ನು ಮರೆಯಬಾರದು. ಮುಂಜಾನೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಎಚ್ಚರಿಕೆ.

ಫಿಲ್ಟರ್ ಇರುವವರಿಗೂ ಒಂದು ಮಾತು. ವಿದ್ಯುತ್ತು ಹಲವು ಗಂಟೆ ಹೋದರೆ ಮುಚ್ಚಿದ ಡಬ್ಬಿಯೊಳಗಿನ ಸೂಕ್ಷ್ಮಾಣುಗಳು ಉಸಿರುಕಟ್ಟಿ ಸಾಯುತ್ತವೆ. ವಿದ್ಯುತ್ತು ಬಂದೊಡನೆ ಆ ಕೆಟ್ಟ ನೀರು ತೊಟ್ಟಿಗೆ ನುಗ್ಗುತ್ತದೆ. ಮೊದಲು ಡಬ್ಬಿಯನ್ನು ತೆರೆದು ತೊಟ್ಟಿಯ ನೀರಿನಿಂದಲೇ ತೊಳೆಯಿರಿ. ನಲ್ಲಿನೀರಿನ ಕ್ಲೋರಿನ್ ಉಳಿದ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ.

ಆ ಮಗುವಿಗೆ ನಾವು ಹೇಳಿದ್ದಿಷ್ಟು: "ಈಗ ಫಿಲ್ಟರ್ ಬೇಡ, ತಾಯಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸು. ಹೊಸ ನೀರಿನ ಕ್ಲೋರಿನ್ ನೀಗಿಸಿಯೇ ಸುರಿ. ಕೊಳೆತ ಎಲೆಯನ್ನು ತೆಗೆ. ಅಮೋನಿಯ ಪರೀಕ್ಷಿಸುವ ದ್ರಾವಣವೊಂದನ್ನು ತರಿಸಿಕೋ. ಅದು ಸೊನ್ನೆ ತೋರಿಸುತ್ತಿರಬೇಕು." ಗಪ್ಪಿಗಳು ಬೇಗ ಮರಿಹಾಕುವುದರಿಂದ, ಹೆಚ್ಚಾದವನ್ನು ಸಾಕಬಲ್ಲವರಿಗೆ ಕೊಡಬೇಕೆಂದೂ ಕೆರೆಗೆ ಬಿಡಬಾರದೆಂದೂ ತಿಳಿಸಿದೆವು.

ಮೊನ್ನೆ ತಂದೆ ದೂರವಾಣಿಯಲ್ಲಿ ಮಾತನಾಡಿದರು. ಎಂಟೂ ಮೀನುಗಳು ಕ್ಷೇಮ, ಹನ್ನೊಂದು ಮರಿಗಳಾಗಿವೆ. ಅವುಗಳನ್ನು ಯಾರಿಗೆ ಕೊಡುವುದೆಂದು ಮಗಳು ಈಗಲೇ ಪಟ್ಟಿ ಬರೆಯುತ್ತಿದ್ದಾಳಂತೆ.