ಗೋಡೆಯ ಕಿಂಡಿ ಮತ್ತು ದಂಡೆಯ ದಾರಿ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಒರಾಕಲ್ ಪಾರ್ಕ್ ಬೇಸ್‌ಬಾಲ್ ಮೈದಾನವನ್ನು ಹೊಗಳುವವರು ಮೊದಲು ಎತ್ತುವುದು ನೀರಿನ ಮಾತು. ಚೆಂಡು ಗೋಡೆ ಹಾರಿ ಮೈದಾನದ ಮಗ್ಗುಲಲ್ಲಿರುವ ಕೊಲ್ಲಿಯ ಚಾಚು ಮೆಕೋವಿ ಕೋವ್‌ಗೆ ಬೀಳುವುದು, ಕಯಾಕ್‌ಗಳಲ್ಲಿ ಕಾದು ಕೂತವರು ಅದಕ್ಕಾಗಿ ಮುಗಿಬೀಳುವುದು ಟಿವಿಯಲ್ಲಿ ಸೊಗಸಾಗಿಯೇ ಕಾಣುತ್ತದೆ. ಬೇ ಏರಿಯಾದ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೂ ಗೋಲ್ಡನ್ ಗೇಟ್ ಸೇತುವೆಯಾದ ಮೇಲೆ ಈ ಮೈದಾನದ ದರ್ಶನ ಆಗುವುದುಂಟು. ಆದರೆ ಪಕ್ಕದಲ್ಲಿ ನೀರಿದ್ದ ಮಾತ್ರಕ್ಕೆ ಮೈದಾನಕ್ಕೆ ಕಳೆ ಬರುವುದಿಲ್ಲ. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಈಗ ಇಲ್ಲಿ ಆಡುವ ಜೈಂಟ್ಸ್ ತಂಡ 1960ರಿಂದ 1999ರವರೆಗೆ ಆಡಿದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕೂಡ ಇದೇ ಕೊಲ್ಲಿಯ ದಂಡೆಯಲ್ಲಿತ್ತು. ಅದು ಹೆಸರಾಗಿದ್ದು ಬೇಸಿಗೆಯಲ್ಲೂ ನಡುಗಿಸುವ ಗಾಳಿಗೆ. ಸುತ್ತ ಕಾರು ನಿಲ್ಲಿಸುವ ಬಯಲು. ಆಟ ಮುಗಿದರೆ ಕಾರು ಹತ್ತಿ ಹೊರಡುವುದಷ್ಟೇ. 2015ರಲ್ಲಿ ಅದನ್ನು ಕೆಡವಿದರು.

ಹೊಸ ಮೈದಾನವನ್ನು ಬೇರೆಯಾಗಿಸಿದ್ದು ನೀರಿಗೂ ಗೋಡೆಗೂ ನಡುವೆ ಬಿಟ್ಟ ನಡೆದಾಡುವ ದಾರಿ ಎಂಬುದು ನನ್ನ ವಾದ. ಜಾಗ ಇಕ್ಕಟ್ಟಾದ್ದರಿಂದ ಬಲಗಡೆಯ ಫೌಲ್ ಕಂಬ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ 309 ಅಡಿಯಷ್ಟೇ ದೂರದಲ್ಲಿದೆ. ಹೋಮ್ ರನ್ ತೀರಾ ಅಗ್ಗವಾಗಬಾರದೆಂದು ಅಲ್ಲಿ 24 ಅಡಿ ಎತ್ತರದ ಗೋಡೆ ಕಟ್ಟಿದರು. ಜೈಂಟ್ಸ್‌ನ ಹೆಸರಾಂತ ಆಟಗಾರ ವಿಲ್ಲಿ ಮೇಸ್ ತೊಡುತ್ತಿದ್ದ ಅಂಗಿಯ ಸಂಖ್ಯೆಯೂ 24. ಆ ಗೋಡೆಯ ಬುಡದಲ್ಲಿ ಜಾಲರಿ ಹಾಕಿದ ಕಮಾನುಗಳಿವೆ. ದಂಡೆಯ ಮೇಲೆ ಹೋಗುವ ಯಾರೇ ಆಗಲಿ ಅಲ್ಲಿ ನಿಂತು, ಫೀಲ್ಡರ್‌ನ ಬೆನ್ನ ಹಿಂದಿನಿಂದ, ಬಿಡಿಗಾಸು ಕೊಡದೆ ಆಟ ನೋಡಬಹುದು. ಜನ ಹೆಚ್ಚಾದರೆ ಮೂರು ಇನಿಂಗ್ಸ್ ಆದ ಮೇಲೆ ಹಿಂದಿನವರಿಗೆ ಜಾಗ ಬಿಡಬೇಕು. ರೈಲು ನಿಲ್ದಾಣ ಹತ್ತಿರದಲ್ಲೇ ಇದೆ, ಟ್ರಾಮ್ ಬಾಗಿಲಿಗೇ ಬರುತ್ತದೆ, ಆಟದ ದಿನ ದೋಣಿಯೂ ಉಂಟು. ಹಾಗಾಗಿ ಕಾರಿಲ್ಲದವನೂ ಇಲ್ಲಿ ಪರಕೀಯನಲ್ಲ.

ಕನಕನ ಕಿಂಡಿಯ ನೆನಪಿರುವ ಕನ್ನಡಿಗರು ಇಲ್ಲೊಂದು ಆಕ್ಷೇಪ ಎತ್ತಬಹುದು: ಕಿಂಡಿ ಕೊಡುವುದೆಂದರೆ ಬಾಗಿಲು ಕೊಡದಿರುವುದಕ್ಕೊಂದು ನೆಪವಲ್ಲವೇ? ಜೈಂಟ್ಸ್ ಕ್ಲಬ್‌ಗೆ ಇದು ಪುಕ್ಕಟೆ ಪ್ರಚಾರವೂ ಹೌದು. ಎರಡನ್ನೂ ಒಪ್ಪೋಣ. ಆದರೆ ಕಮಾನಿನ ಮುಂದೆ ನಿಂತವನು ಯಾರ ಅಂಗಳದಲ್ಲೂ ನಿಂತಿಲ್ಲ. ಮೈದಾನದ ನೆಲ ಬಂದರು ಇಲಾಖೆಯದು, ಕ್ಲಬ್ ಅಲ್ಲಿ ಗುತ್ತಿಗೆದಾರ. ಕೊಲ್ಲಿಯಂಚಿನಲ್ಲಿ ಏನೇ ಕಟ್ಟಿದರೂ ಸಾರ್ವಜನಿಕರು ನೀರಿನ ತನಕ ಹೋಗುವಂತಿರಬೇಕೆಂಬುದು ಕ್ಯಾಲಿಫೋರ್ನಿಯಾದಲ್ಲಿ 1965ರ ಕಾಯ್ದೆಯಿಂದ ಬಂದ ಕಟ್ಟುಪಾಡು. ಕಿಂಡಿ ಕ್ಲಬ್‌ನ ಔದಾರ್ಯವೇ ಇರಬಹುದು, ದಾರಿ ಮಾತ್ರ ಜನರ ಹಕ್ಕು. ನಾಳೆ ಜಾಲರಿ ಮುಚ್ಚಿದರೂ ದಾರಿ ಮುಚ್ಚುವಂತಿಲ್ಲ.

ಹಣದ ಪ್ರಶ್ನೆ ಇದಕ್ಕಿಂತ ಗಡಸು. ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು 1987 ಮತ್ತು 1989ರಲ್ಲಿ ಹೊಸ ಮೈದಾನದ ಪ್ರಸ್ತಾವಗಳನ್ನು ತಿರಸ್ಕರಿಸಿದರು. 1992ರಲ್ಲಿ ಹತ್ತಿರದ ನಗರ ಸ್ಯಾನ್ ಹೋಸೆಯವರೂ ಒಲ್ಲೆ ಎಂದರು. ತಂಡ ಫ್ಲೋರಿಡಾದ ಪಾಲಾಗುವುದರಲ್ಲಿತ್ತು. ಇಂಥ ಬೆದರಿಕೆಗೆ ಮಣಿದು ಬೊಕ್ಕಸ ಬಿಚ್ಚಿದ ಊರುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಇಲ್ಲಿ ಜನ ಜಗ್ಗಲಿಲ್ಲ. ಕೊನೆಗೆ 1996ರಲ್ಲಿ ಖಾಸಗಿ ಹಣದ ಯೋಜನೆ ಮುಂದಿಟ್ಟಾಗ ಒಪ್ಪಿದರು, 2000ದಲ್ಲಿ ಸುಮಾರು 35.7 ಕೋಟಿ ಡಾಲರ್ ವೆಚ್ಚದ ಮೈದಾನ ತೆರೆಯಿತು. ಪೂರ್ತಿ ಖಾಸಗಿ ಎನ್ನುವುದು ಕೊಂಚ ಉತ್ಪ್ರೇಕ್ಷೆಯೇ: ಟ್ರಾಮ್ ಹಳಿ ಸರ್ಕಾರದ್ದು, ಸುತ್ತಲಿನ ಕೆಲಸಗಳಿಗೆ ತೆರಿಗೆಯ ಪಾಲೂ ಸಂದಿದೆ. ಆದರೂ ಜನ ಪಡೆದದ್ದನ್ನು ಇದರ ಎದುರಿಗಿಟ್ಟು ತೂಗಿದರೆ ವ್ಯವಹಾರ ನಷ್ಟದ್ದಲ್ಲ.

ಸುತ್ತಮುತ್ತ ಬಾಡಿಗೆ ಗಗನಕ್ಕೇರಿದೆ ಎಂಬ ದೂರಿಗೆ ನನ್ನಲ್ಲಿ ಅಷ್ಟು ಸಲೀಸಾದ ಉತ್ತರವಿಲ್ಲ. ಆ ಭಾಗಕ್ಕೆ ವಿಶ್ವವಿದ್ಯಾಲಯದ ಆಸ್ಪತ್ರೆ ಬಂತು, ತಂತ್ರಜ್ಞಾನ ಕಂಪನಿಗಳ ದುಡ್ಡು ಹರಿಯಿತು. ಎಲ್ಲ ಹೊಣೆಯನ್ನೂ ಮೈದಾನದ ತಲೆಗೆ ಕಟ್ಟಲಾಗದು, ಪೂರಾ ಖುಲಾಸೆಯನ್ನೂ ಕೊಡಲಾಗದು. ಕೋವ್‌ನ ಆಚೆ ದಡದಲ್ಲಿ ಮನೆ-ಕಚೇರಿ ಕಟ್ಟಲು ಕ್ಲಬ್ ಮುಂದಾದಾಗ 2015ರ ಮತದಾನದಲ್ಲಿ ಜನ ಒಪ್ಪಿದ ಯೋಜನೆಯಲ್ಲಿ ಶೇ 40ರಷ್ಟು ಮನೆಗಳು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆಂಬ ಮಾತಿತ್ತು. ಅದೇ ಯೋಜನೆಯ ಭಾಗವಾಗಿ 2024ರಲ್ಲಿ ನೀರಿನಂಚಿಗೆ ಉದ್ಯಾನವೊಂದು ತೆರೆಯಿತು. ಆ ದಡ ಯೋಜನೆಗೆ ಮುನ್ನ ಬಹುಪಾಲು ಮೈದಾನದ ಕಾರು ನಿಲ್ಲಿಸುವ ಜಾಗವಾಗಿತ್ತು.