ಕಲಬುರಗಿ ಸೋವಿ ಊರು, ಯಾರಿಗೆ?



ರಾಶಿ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ಮೂರೇ. ಸಾಲ ಎಷ್ಟು ಉಳೀತು, ಮಗಳ ಮದುವಿ ಯಾವಾಗ, ಮಗನ್ನ ಕಲಬುರಗಿಗೆ ಓದಲಿಕ್ಕೆ ಹಾಕೋದೋ ಬ್ಯಾಡೋ. ಮೂರನೆಯ ಮಾತು ಬಂದಾಗ ನೌಕರಿಯಲ್ಲಿರುವ ಬೀಗರೊಬ್ಬರು ಧೈರ್ಯ ಹೇಳುತ್ತಾರೆ: "ಬೆಂಗಳೂರು, ಪುಣೆ ಅಂದ್ರ ಕಷ್ಟ. ಕಲಬುರಗಿ ಸೋವಿ ಊರು, ಹಾಕ್ರಿ." ನಾವೂ ಹೂಂ ಅಂತೀವಿ. ಅವರ ಮಾತು ಸುಳ್ಳೂ ಅಲ್ಲ. ಆದರೆ ಸೋವಿ ಅನ್ನುವುದನ್ನು ಅವರು ಪಗಾರದಲ್ಲಿ ಅಳೆಯುತ್ತಾರೆ, ನಾವು ತೊಗರಿಯಲ್ಲಿ ಅಳೆಯಬೇಕು. ಈ ಸಲ ಅದನ್ನೇ ಅಳೆದು ನೋಡೋಣ.

ನಾನು ಎಸ್ಸೆಸ್ಸೆಲ್ಸಿಗೆ ನಿಂತವನು. ನಮ್ಮ ಕಾಲಕ್ಕೆ ಮುಂದೆ ಓದುವುದೆಂದರೆ ಊರಿಗೆ ಒಬ್ಬನೋ ಇಬ್ಬರೋ. ಈಗ ಹಾಗಿಲ್ಲ, ಇರಲೂಬಾರದು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2009ರಲ್ಲಿ ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. 371 (ಜೆ) ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಬಾಗಿಲು ತೆರೆದದ್ದು ನಿಜ. ಬಾಗಿಲತನಕ ಹೋಗುವ ಖರ್ಚು ಮಾತ್ರ ನಮ್ಮ ತಲೆಮೇಲೆ.

ನನ್ನ ಮಗ ಕಲಬುರಗಿಯಲ್ಲಿ ಡಿಗ್ರಿ ಓದುತ್ತಾನೆ. ಅವನ ಖರ್ಚನ್ನು ತಿಂಗಳಾ ಒಂದು ವಹಿಯಲ್ಲಿ ಬರೆದಿಟ್ಟೇನೆ. ಇಬ್ಬರು ಕೂಡಿ ಇರುವ ರೂಮಿನ ಬಾಡಿಗಿ ಅವನ ಪಾಲಿಗೆ 2,000. ಖಾನಾವಳಿಯ ಎರಡು ಹೊತ್ತಿನ ಊಟ 3,000. ನಾಷ್ಟಾ, ಚಾ ದಿನಕ್ಕೆ 40ರಂತೆ 1,200. ಲೈಟು, ನೀರು 200. ಫೋನಿಗೆ 300. ಸಿಟಿಬಸ್ಸು, ಒಮ್ಮೊಮ್ಮೆ ಆಟೋ, 400. ವಹಿ, ಝೆರಾಕ್ಸು, ಅರ್ಜಿ ಅಂತ 400. ಎರಡು ಸಲ ಊರಿಗೆ ಬಂದುಹೋಗಲು 250. ಸಾಬೂನು, ಕ್ಷೌರ, ಗುಳಿಗಿ 250. ಕೂಡಿಸಿದರೆ 8,000. ಇದರಲ್ಲಿ ಸಿನಿಮಾ ಇಲ್ಲ, ಹೊಸ ಅಂಗಿ ಇಲ್ಲ, ಕಾಲೇಜಿನ ಫೀ ಇಲ್ಲ. ವಾರಕ್ಕೊಮ್ಮೆ ಅವರವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಮುಂಜಾನೆ ಬಸ್ಸಿಗೆ ಬುತ್ತಿ ಕಳಿಸುತ್ತಾಳೆ. ಅದನ್ನು ವಹಿಯಲ್ಲಿ ಬರೆದಿಲ್ಲ.

ಎಂಟು ಸಾವಿರಕ್ಕೆ ಒಬ್ಬ ಮನುಷ್ಯ ತಿಂಗಳು ಉಂಡು ಮಲಗುತ್ತಾನೆ ಅಂದರೆ ಸೋವಿ ಊರೇ ಸೈ. ಈಗ ತಕ್ಕಡಿಯ ಇನ್ನೊಂದು ಪರಡಿ ನೋಡ್ರಿ. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ತಿಂಗಳಿಗೆ ಸರಿಯಾಗಿ ಒಂದು ಕ್ವಿಂಟಲ್ ತೊಗರಿ. ವರ್ಷಕ್ಕೆ ಹತ್ತು ತಿಂಗಳು ಕಾಲೇಜು ಅಂತ ಹಿಡಿದರೆ ಹತ್ತು ಕ್ವಿಂಟಲ್. ಇದು ಕಾಗದದ ಲೆಕ್ಕ.

ಹೊಲದ ಲೆಕ್ಕ ಬೇರೆ ಅದ. 2024-25ರ ಹಂಗಾಮಿಗೆ ಬೆಂಬಲ ಬೆಲೆ 7,550 ಇತ್ತು, ರಾಜ್ಯ ಸರಕಾರ ಮೇಲೆ 450 ಕೊಡುತ್ತೇನೆಂದಿತು, ಅಲ್ಲಿಗೂ 8,000 ಆಯಿತು. ನಾನು 2025ರ ಜನವರಿಯಲ್ಲಿ ಮಾರಿದ್ದು 7,000ಕ್ಕೆ. ಯಾಕೆ ಕೇಂದ್ರಕ್ಕೆ ಒಯ್ಯಲಿಲ್ಲ ಎಂದು ಕೇಳುತ್ತೀರಿ. ಕಾರಣ ಅಡತಿ ಅಂಗಡಿಯ ವಹಿಯಲ್ಲಿತ್ತು.

ಕಾಲೇಜು ಶುರುವಾಗುವುದು ಮಳೆಗಾಲದಲ್ಲಿ. ಆಗ ನಮ್ಮ ರೊಕ್ಕವೆಲ್ಲ ಬೀಜ ಗೊಬ್ಬರವಾಗಿ ಮಣ್ಣಿನೊಳಗಿರುತ್ತದೆ. ತೊಗರಿ ಕೈಗೆ ಬರುವುದು ಡಿಸೆಂಬರ್ ಕಡೆಗೆ, ಜನವರಿಗೆ. ಜುಲೈಯಿಂದ ಡಿಸೆಂಬರ್‌ತನಕ ಆರು ತಿಂಗಳ 48,000, ಜುಲೈಯಲ್ಲೇ ಫೀ ಮತ್ತು ರೂಮಿನ ಡಿಪಾಜಿಟ್ಟು ಸೇರಿ 20,000, ಎಲ್ಲಾ ಅಡತಿಯಿಂದ ನೂರಕ್ಕೆ ಎರಡರ ಬಡ್ಡಿಗೆ ತಂದೆ. ಕೊಟ್ಟ ಅಡತ್ಯಾ ಕೆಟ್ಟ ಮನುಷ್ಯನಲ್ಲ, ಕೇಳಿದಾಗ ಇಲ್ಲ ಅಂದವನಲ್ಲ. ಆದರೆ ಮಾಲು ಅವನ ಅಂಗಡಿಗೇ ಬರಬೇಕು. ಬೆಂಬಲ ಬೆಲೆಯ ಕೇಂದ್ರ ತೆರೆದು, ಹೆಸರು ನೋಂದಾಯಿಸಿ, ಪಾಳಿ ಬಂದು, ರೊಕ್ಕ ಖಾತೆಗೆ ಬೀಳುವತನಕ ಬಡ್ಡಿ ಕಾಯುವುದಿಲ್ಲ. ಖಾನಾವಳಿಯವನೂ ಕಾಯುವುದಿಲ್ಲ.

ಕೂಡಿಸಿ ನೋಡ್ರಿ. ಹತ್ತು ತಿಂಗಳ 80,000 ಅಂದರೆ 7,000ದ ದರದಲ್ಲಿ 11 ಕ್ವಿಂಟಲ್ 43 ಕಿಲೋ. ಜನವರಿತನಕದ ಬಡ್ಡಿ 5,760, ಅದಕ್ಕೆ ಮತ್ತೆ 82 ಕಿಲೋ. ಹನ್ನೆರಡೂ ಕಾಲು ಕ್ವಿಂಟಲ್ ಆಯಿತು. ನನಗೆ ಆರು ಎಕರೆ ತೊಗರಿ, ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ನಮ್ಮಲ್ಲಿ ಅದನ್ನು ಛಲೋ ಬೆಳಿ ಅಂತೀವಿ. ಆ 24ರಲ್ಲಿ ಅರ್ಧ ಒಬ್ಬ ಮಗನ ಊಟ ವಸತಿಗೇ ಹೋಯಿತು. ಮನೆಗೆ, ಬೀಜಕ್ಕೆ ಇಟ್ಟುಕೊಂಡು ನಾನು ಮಾರಿದ್ದು 20 ಕ್ವಿಂಟಲ್. ಕ್ವಿಂಟಲಿಗೆ ಸಾವಿರ ಕಮ್ಮಿ ಅಂದರೆ 20,000 ಅಲ್ಲೇ ಉಳಿಯಿತು. ಮಗನ ಎರಡೂವರೆ ತಿಂಗಳ ಖರ್ಚು ಅದು.

ಇದೂ ಬೆಳೆ ಬಂದ ವರ್ಷದ ಮಾತು. 2022ರಲ್ಲಿ ನೆಟೆ ರೋಗ ಬಿದ್ದು ನಿಂತ ತೊಗರಿ ಒಣಗಿತು. 2023ರಲ್ಲಿ ಬರ. ಆ ಹಂಗಾಮಿನ ತೊಗರಿಗೆ ಹತ್ತು ಸಾವಿರ ದಾಟಿದ ದರ ಬಂತು, ಮಾರಲು ಮಾಲು ಇರಲಿಲ್ಲ. 2025ರ ಸೆಪ್ಟೆಂಬರದಲ್ಲಿ ಭೀಮಾ ಹೊಳಿ ತುಂಬಿ ಅಫಜಲಪುರ, ಜೇವರ್ಗಿಯ ದಂಡಿ ಹೊಲಗಳು ನೀರಾಗ ನಿಂತವು. ಆ ತಿಂಗಳ ರೂಮಿನ ಬಾಡಿಗಿ ಯಾವ ಮಾಲಕ ಬಿಟ್ಟಾನು?

ದರ ಯಾಕೆ ಬೀಳುತ್ತದೆ ಎಂಬುದನ್ನು ಈ ಪತ್ರಿಕೆಯಲ್ಲಿ ಹಿಂದೆ ಬರೆದೇವೆ, ಉದ್ದ ಮಾಡುವುದಿಲ್ಲ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿಗೆ ಬಾಗಿಲು ತೆಗೆದವರು ಅದನ್ನು ವರ್ಷ ವರ್ಷ ಮುಂದುವರಿಸಿದರು. ಪಟ್ಟಣದವರಿಗೆ ಬೇಳೆ ತುಟ್ಟಿ ಆಗಬಾರದು ಅಂತ. ಆ ಪಟ್ಟಣದ ಖಾನಾವಳಿಯಲ್ಲಿ ನಮ್ಮ ಮಕ್ಕಳೂ ಬೇಳೆ ಉಣ್ಣುತ್ತಾರೆ, ಖರೆ. ಆದರೆ ನಮ್ಮ ತೊಗರಿ ಸಾವಿರ ಇಳಿದ ವರ್ಷ ನನ್ನ ಮಗನ ಊಟದ ದರ ಒಂದು ರೂಪಾಯಿಯೂ ಇಳಿಯಲಿಲ್ಲ.

ಸರಕಾರಿ ನೌಕರನಿಗೆ ತುಟ್ಟಿಭತ್ಯೆ ಅಂತ ಒಂದಿದೆ. ಕೇಂದ್ರದವರಿಗೆ ಜನವರಿಗೊಮ್ಮೆ, ಜುಲೈಗೊಮ್ಮೆ, ಬೆಲೆ ಸೂಚ್ಯಂಕ ನೋಡಿ ಕೊಡುತ್ತಾರೆ. ಆ ಸೂಚ್ಯಂಕದಲ್ಲಿ ಮನೆಬಾಡಿಗೆ ಇದೆ, ಶಿಕ್ಷಣ ಇದೆ, ಔಷಧ ಇದೆ. ಅವರಿಗೆ ಕೊಡಬಾರದು ಅಂತ ನಾನು ಅನ್ನುವುದಿಲ್ಲ. ನಮ್ಮ ಬೆಂಬಲ ಬೆಲೆಯ ಲೆಕ್ಕದಲ್ಲಿ ಏನಿದೆ? ಬೀಜ, ಗೊಬ್ಬರ, ಔಷಧಿ, ಕೂಲಿ, ಎತ್ತು, ಟ್ರ್ಯಾಕ್ಟರು, ಮನೆಯವರ ದುಡಿಮೆಗೆ ಇಂತಿಷ್ಟು. ಅದರ ಒಂದೂವರೆ ಪಟ್ಟು ಕೊಟ್ಟೆವು ಎಂದು 2018ರಿಂದ ಹೇಳುತ್ತಿದ್ದಾರೆ. ಭೂಮಿಯ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಸೇರಿಸಿ ಲೆಕ್ಕ ಹಿಡಿಯಿರಿ ಎಂಬ ರೈತರ ಬೇಡಿಕೆ ಹಾಗೇ ಬಿದ್ದಿದೆ. ತೊಗರಿ ಬೆಳೆಸುವ ಖರ್ಚು ಹಿಡಿದರು, ತೊಗರಿ ಬೆಳೆಯುವವನ ಮಗನನ್ನು ಓದಿಸುವ ಖರ್ಚು ಯಾವ ಕಾಲಂನಲ್ಲೂ ಇಲ್ಲ.

ಇನ್ನು ಸಹಾಯಧನದ ಮಾತು. 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಐದು ಸಾವಿರ ಹತ್ತೊಂಬತ್ತು ದಿನ ಬಾಳುತ್ತದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಶುರುವಾದದ್ದು ತಿಂಗಳಿಗೆ 1,500ರ ಲೆಕ್ಕದಲ್ಲಿ, ಅಷ್ಟಕ್ಕೆ ಅರ್ಧ ತಿಂಗಳ ಊಟ. ಬ್ಯಾಡ ಅನ್ನಬೇಡ್ರಿ, ಅರ್ಜಿ ಹಾಕ್ರಿ.

ಹೆಣ್ಮಕ್ಕಳ ವಿಷಯದಲ್ಲಿ ನನ್ನ ತಪ್ಪನ್ನೂ ಹೇಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಆಯಿತು. ಮಗನಿಗೆ ರೂಮು ಹಿಡಿದ ನಾನು ಮಗಳಿಗೆ "ನಿನಗ ಬಸ್ ಅದಲ್ಲವ್ವಾ" ಅಂದೆ. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರು, ನಮ್ಮೂರಿಂದ ಆಳಂದ ಬೇರೆ. ಐದಕ್ಕೆ ಎದ್ದು, ರೊಟ್ಟಿ ಬಡಿದಿಟ್ಟು, ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಹೋಗುತ್ತಿದ್ದಳು. ಮೊದಲನೇ ತಾಸು ತಪ್ಪುತ್ತಿತ್ತು, ಸಂಜೆಯ ಪ್ರಾಕ್ಟಿಕಲ್ ಬಿಟ್ಟು ಬರುತ್ತಿದ್ದಳು. ಎರಡನೇ ವರ್ಷಕ್ಕೆ ಎರಡು ವಿಷಯ ಉಳಿದವು. ಅಣ್ಣನಿಗಿಂತ ಶಾಣ್ಯಾ ಹುಡುಗಿ. ಅಫಜಲಪುರ ಇನ್ನೂ ದೂರ, ಅಲ್ಲಿಯ ಹುಡುಗಿಯರ ಪಾಡು ನೀವೇ ಎಣಿಸ್ರಿ. ಬಸ್ಸು ಪುಕ್ಕಟೆ ಅಂತ ಮಗಳ ನಿದ್ದಿ, ಓದು ಪುಕ್ಕಟೆ ಅಲ್ಲ. ಈ ವರ್ಷ ಅವಳಿಗೂ ಹಾಸ್ಟೆಲ್ ಹಿಡಿದೇವೆ, ವಹಿಯಲ್ಲಿ ಇನ್ನೊಂದು ಪುಟ ಶುರುವಾಗಿದೆ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ತೊಗರಿ ರಾಶಿಗೆ ಮೊದಲೇ ಖರೀದಿ ಕೇಂದ್ರ ತೆರೆಯಲಿ, ಮಾಲು ಅಡತಿ ಸೇರಿದ ಮೇಲಲ್ಲ. ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಶೂನ್ಯ ಬಡ್ಡಿ ಇದೆ, ಮಕ್ಕಳ ತಿಂಗಳ ಖರ್ಚಿಗೂ ಜುಲೈಯಲ್ಲಿ ಕೊಟ್ಟು ರಾಶಿಯಾದ ಮೇಲೆ ಕಟ್ಟಿಸಿಕೊಳ್ಳುವ ಒಂದು ಸಾಲ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ರೊಕ್ಕದಲ್ಲಿ ಕಲಬುರಗಿಯಲ್ಲಿ ತಾಲ್ಲೂಕಿಗೊಂದು ರೈತ ಮಕ್ಕಳ ವಸತಿಗೃಹ ಕಟ್ಟಲಿ, ಮೊದಲು ಹೆಣ್ಮಕ್ಕಳಿಗೆ. ಅಲ್ಲೀತನಕ ಒಂದೂರಿನ ನಾಲ್ಕೈದು ಮನೆಯವರು ಕೂಡಿ ಒಂದು ಮನೆ ಬಾಡಿಗಿ ಹಿಡಿಯಿರಿ, ಜೋಳ, ಬೇಳೆ ಊರಿಂದ ಕಳಿಸ್ರಿ, ಅಡಿಗೆಗೆ ಊರಿನ ಒಬ್ಬ ಹಿರಿಯಾಕಿಯನ್ನು ಪಗಾರ ಕೊಟ್ಟು ಇಡ್ರಿ. ನಮ್ಮ ಪಕ್ಕದೂರಿನವರು ಹೀಗೆ ಮಾಡಿ ತಲೆಗೆ ಎರಡು ಸಾವಿರ ಉಳಿಸಿದ್ದಾರೆ.

ನಿಮ್ಮ ಮನೆಯ ಲೆಕ್ಕವನ್ನೂ ಒಂದು ಕಾಗದದಲ್ಲಿ ಬರೆಯಿರಿ. ಮಗುವಿನ ತಿಂಗಳ ಖರ್ಚು ಎಷ್ಟು, ಆ ರೊಕ್ಕ ಎಲ್ಲಿಂದ ತಂದಿರಿ, ಬಡ್ಡಿ ಎಷ್ಟು, ತೊಗರಿ ಯಾವ ದರಕ್ಕೆ ಯಾರಿಗೆ ಹಾಕಿದಿರಿ. ಹೆಸರು ಬೇಕಾಗಿಲ್ಲ, ಊರು ಬರೆದರೆ ಸಾಕು. ಮುಂದಿನ ತಾಲ್ಲೂಕು ಸಭೆಗೆ ಬರುವಾಗ ತನ್ನಿರಿ. ಆಳಂದ, ಅಫಜಲಪುರ, ಜೇವರ್ಗಿ ಮೂರರದೂ ಕೂಡಿಸಿ, ಖರೀದಿ ಕೇಂದ್ರ ತೆರೆಯುವ ಮೊದಲೇ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.